ಕುಳ್ಳಿಗೆ ಹೊಸ ಎಂಜಿನ್

೨೦೧೮ರ ಮಾರ್ಚ್ ಹನ್ನೊಂದು, ಭಾನುವಾರ, ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಅಪ್ಪ ಮಾತ್ರೆ ನುಂಗಿ, ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು. ಮಗಳು ಗೋಡೆಯ ಗಡಿಯಾರ ನೋಡಿದಳು, ಆಮೇಲೆ ತನ್ನ ಕೈಗಡಿಯಾರ ನೋಡಿದಳು. ಎರಡಕ್ಕೂ ಒಂದು ನಿಮಿಷದ ವ್ಯತ್ಯಾಸವಿತ್ತು. ಸರಿಪಡಿಸೋಣವೆಂದು ಅವಳು ಸ್ಟೂಲು ಎಳೆದುಕೊಳ್ಳುವುದನ್ನು ಅಮ್ಮ ಅಡುಗೆಮನೆಯ ಬಾಗಿಲಿನಿಂದ ಕಂಡಳು.

“ಗಡಿಯಾರ ಆಮೇಲೆ ನೋಡ್ಕೋ. ಅದು ಎಲ್ಲಿಗೂ ಓಡಿಹೋಗಲ್ಲ.”

“ಓಡೋದೇ ಅದರ ಕೆಲಸ ಕಣೇ,” ಎಂದರು ಅಪ್ಪ. “ಓಡದೇ ಇರೋದು ಅಂದ್ರೆ ಈ ಮನೇಲಿ ನಾನು, ಕುಳ್ಳಿ, ಇಬ್ಬರೇ.”

ಹಾಗೆಂದು ಅವರು ಕೂರಲಿಲ್ಲ. ಕಿಟಕಿಯವರೆಗೆ ಹೋದರು, ಬಾಗಿಲವರೆಗೆ ಬಂದರು, ಮತ್ತೆ ಕಿಟಕಿಗೆ ಹೋದರು. ಮಗಳು ಸ್ಟೂಲನ್ನು ಅದರ ಜಾಗಕ್ಕೆ ತಳ್ಳಿ, ಸ್ಪ್ಯಾನರುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಮತ್ತೆ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಳು. ಇಬ್ಬರನ್ನೂ ನೋಡಿ ಅಮ್ಮ, “ಬಾಲ ಸುಟ್ಟ ಬೆಕ್ಕು ಒಂದಿದ್ರೆ ಸಾಕಿತ್ತು, ಮನೇಲಿ ಎರಡಿವೆ” ಎಂದು ಒಳಗೆ ಹೋದಳು.

ಅಪ್ಪನಿಗೆ ನಡುಕ ಬಂದು ನಾಲ್ಕು ವರ್ಷವಾಗಿತ್ತು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದ್ದರು. ಮನೆಯಲ್ಲಿ ಅದಕ್ಕೆ ‘ಕಟಿಂಗು’ ಎಂದೇ ಹೆಸರು. ಸುಮ್ಮನೆ ಕೂತಾಗ ಬಲಗೈಯ ಹೆಬ್ಬೆರಳು, ತೋರುಬೆರಳು ಒಂದನ್ನೊಂದು ಉಜ್ಜುತ್ತ, ಯಾರಿಗೂ ಕಾಣದ ಕತ್ತರಿಯೊಂದನ್ನು ಆಡಿಸುತ್ತಿದ್ದವು. ನಲವತ್ತು ವರ್ಷ ಬೀದಿಯವರ ತಲೆಯನ್ನೆಲ್ಲ ತಿದ್ದಿದ ಕೈ ಅದು. “ನಾನು ಕತ್ತರಿ ಬಿಟ್ಟೆ, ಕತ್ತರಿ ನನ್ನ ಬಿಡಲಿಲ್ಲ. ಗಿರಾಕಿ ಇಲ್ಲದೇನೇ ಕಟಿಂಗು ನಡೀತಾ ಇದೆ” ಎಂದು ಅವರೇ ನಗುತ್ತಿದ್ದರು.

ಮಾತ್ರೆ ನುಂಗಿ ಮುಕ್ಕಾಲು ಗಂಟೆಯಾದ ಮೇಲೆ ಕಟಿಂಗು ನಿಲ್ಲುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಅವರು ಹಳೆಯ ಅಪ್ಪನೇ. ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು, ಸೂಜಿಗೆ ದಾರ ಪೋಣಿಸುತ್ತಿದ್ದರು, ಗೋಡೆ ಹಿಡಿಯದೆ ಮೆಟ್ಟಿಲಿಳಿಯುತ್ತಿದ್ದರು. ಆ ಒಳ್ಳೆಯ ಹೊತ್ತು ಹೋದ ವರ್ಷ ಮೂರು ಗಂಟೆ ಇತ್ತು. ಈಗ ಒಂದೂವರೆ ಗಂಟೆಗೆ ಇಳಿದಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವ ಮಗಳಿಗೆ ಹೀಗೆ ಇಳಿಯುವ ಗೆರೆ ಎಲ್ಲಿ ಹೋಗಿ ನೆಲ ಮುಟ್ಟುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನಿಗೂ ಹೇಳಬೇಕಾಗಿರಲಿಲ್ಲ. ಆದ್ದರಿಂದಲೇ ಅವರು ಒಂದು ಹಟ ಹಿಡಿದಿದ್ದರು: ಕೈ ಕೈಯಲ್ಲಿರುವಾಗಲೇ ಕುಳ್ಳಿಯನ್ನು ಇನ್ನೊಂದು ಸಲ ತಾವೇ ಓಡಿಸಬೇಕು. ಮನೆಗೆ ಅಂಟಿಕೊಂಡ ತಮ್ಮ ಸಲೂನಿನ ಮೆಟ್ಟಿಲಿನಿಂದ ಬೀದಿಯ ಮೂಲೆವರೆಗೆ, ಅಲ್ಲಿಂದ ವಾಪಸ್. ಯಾರೂ ಪಕ್ಕದಲ್ಲಿ ಹಿಡಿದುಕೊಂಡು ಓಡಿಬರಕೂಡದು.

ಕುಳ್ಳಿ ಎಂದರೆ ಬೈಕಿನ ಮರಿ. ಮೊಣಕಾಲೆತ್ತರದ ಸೀಟು, ಬಕೆಟ್ಟಿನ ಬಾಯಿಯಷ್ಟಗಲದ ಚಕ್ರ, ಬಾಗಿಸಿ ಬೆಸೆದ ಎರಡು ಕೊಳವೆಗಳ ಚೌಕಟ್ಟು. ಅಂಥ ಬೈಕು ಈಗ ಯಾರೂ ಮಾಡುವುದಿಲ್ಲ. ನೋಡಿದವರು ಮಕ್ಕಳ ಆಟಿಕೆ ಎನ್ನಬೇಕು. ಸಲೂನಿಗೆ ಬರಲಾಗದ ಮುದುಕರು, ಹಾಸಿಗೆ ಹಿಡಿದವರು, ಇವರ ಮನೆಗೆ ಗಡ್ಡ ಹೆರೆಯಲು ಅಪ್ಪ ಅದರ ಮೇಲೆಯೇ ಹೋಗುತ್ತಿದ್ದರು. ಮದುವೆಗೆ ಮುಂಚೆ ಅಮ್ಮ ಅವರನ್ನು ಮೊದಲು ನೋಡಿದ್ದೂ ಅದರ ಮೇಲೆಯೇ. “ಮೊಣಕಾಲು ಎರಡೂ ಕಿವಿ ಹತ್ತಿರ. ಕಪ್ಪೆ ಕೂತ ಹಾಗಿತ್ತು. ಪಾಪ ಅನ್ನಿಸಿ ಒಪ್ಪಿಕೊಂಡೆ,” ಎಂದು ಅವಳು ಹೇಳುವುದಿತ್ತು.

ಹದಿನೈದು ವರ್ಷದ ಹಿಂದೆ ಕುಳ್ಳಿಯ ಎಂಜಿನ್ ಒಂದು ದಿನ ಬಿಗಿದುಕೊಂಡು ನಿಂತಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಅಂದಿನಿಂದ ಸಲೂನಿನ ಹಿಂದಿನ ಕೋಣೆಯಲ್ಲಿ, ಗಿರಾಕಿಗಳ ಕುತ್ತಿಗೆಗೆ ಕಟ್ಟುವ ಬಿಳಿ ಬಟ್ಟೆಯೊಂದನ್ನು ಹೊದ್ದು, ತನ್ನ ಸರದಿಗೆ ಕಾಯುವವಳಂತೆ ಕೂತಿತ್ತು. ಸಲೂನು ಮುಚ್ಚಿದ ಮೇಲೂ ಹಾಗೆಯೇ ಇತ್ತು.

ಹೊಸ ಎಂಜಿನ್ ತಂದವನು ಎದುರು ಬದಿಯಲ್ಲಿ ಲೇಥ್ ಅಂಗಡಿ ಇಟ್ಟ ಅಪ್ಪನ ಗೆಳೆಯ. ಕಬ್ಬಿಣ ಕಂಡಲ್ಲಿ ತೂತು ಕೊರೆಯದಿದ್ದರೆ ಅವನಿಗೆ ಊಟ ಸೇರದು ಎಂದು ಅಪ್ಪ ಅವನಿಗೆ ತೂತುರಾಯ ಎಂದು ಹೆಸರಿಟ್ಟಿದ್ದರು. ಬೀದಿಯೂ ಹಾಗೆಯೇ ಕರೆಯುತ್ತಿತ್ತು. ಯಾರೋ ಗುಜರಿಗೆ ಹಾಕಿದ್ದ ನೀರೆತ್ತುವ ಪಂಪಿನಿಂದ ಅವನು ಎಂಜಿನ್ನನ್ನು ಬಿಚ್ಚಿ ತಂದಿದ್ದ. ಎಂಜಿನ್ ಗಟ್ಟಿಯಾಗಿತ್ತು, ಆದರೆ ದಪ್ಪಗಿತ್ತು. ಅದನ್ನು ಕುಳ್ಳಿಯ ಪಕ್ಕದಲ್ಲಿಟ್ಟು ಅಮ್ಮ, “ಮೂಗಿಗಿಂತ ಮೂಗುತಿ ಭಾರ” ಎಂದಿದ್ದಳು.

ಮಾತು ಸುಳ್ಳಾಗಿರಲಿಲ್ಲ. ಚೌಕಟ್ಟಿನಲ್ಲಿದ್ದ ಹಳೆಯ ತಗಡಿನ ತೂತುಗಳಿಗೂ ಹೊಸ ಎಂಜಿನ್ನಿನ ಪಾದಗಳಿಗೂ ತಾಳೆಯಾಗಲಿಲ್ಲ. ಚೌಕಟ್ಟನ್ನು ಕೊಯ್ಯಲು ಅಪ್ಪ ಬಿಡಲಿಲ್ಲ. ಆದ್ದರಿಂದ ಮೇಲೊಂದು ದಪ್ಪ ಪ್ಲೇಟು ಇಟ್ಟು, ಅದಕ್ಕೆ ಉದ್ದುದ್ದ ತೂತು ಕೊರೆದು, ಎಂಜಿನ್ನನ್ನು ಹಿಂದೆ ಮುಂದೆ ಜರುಗಿಸಿ ಕೂರಿಸಬೇಕಾಯಿತು. ಎಂಜಿನ್ನಿನಿಂದ ಹೊರಗೆ ಚಾಚಿದ ದಂಡದ ತುದಿಗೆ ಕ್ಲಚ್ಚು, ಕ್ಲಚ್ಚಿನ ಮೇಲೆ ಸಣ್ಣ ಹಲ್ಲಿನ ಚಕ್ರ. ಹಿಂದಿನ ಗಾಲಿಯ ಪಕ್ಕದಲ್ಲಿ ದೊಡ್ಡ ಹಲ್ಲಿನ ಚಕ್ರ. ಎರಡೂ ಒಂದೇ ಸಾಲಿನಲ್ಲಿದ್ದರೆ ಚೈನು ನೆಟ್ಟಗೆ ಓಡುತ್ತದೆ, ಇಲ್ಲದಿದ್ದರೆ ಜಾರಿ ಬೀಳುತ್ತದೆ. ಮಗಳು ಆ ಸಾಲನ್ನು ಅಳೆದಳು, ಪ್ಲೇಟು ತೆಗೆಸಿದಳು, ಉಜ್ಜಿಸಿದಳು, ಮತ್ತೆ ಹಾಕಿಸಿದಳು, ಮತ್ತೆ ಅಳೆದಳು.

“ಇನ್ನೊಂದು ಕೂದಲೆಳೆ ಈ ಕಡೆ, ಮಾವ.”

“ಕ್ಷೌರಿಕನ ಮಗಳಿಗೆ ಕೂದಲು ಬಿಟ್ಟು ಬೇರೆ ಅಳತೆ ಗೊತ್ತಿಲ್ಲ,” ಎಂದು ತೂತುರಾಯ ಗೊಣಗುತ್ತಿದ್ದ. ಎರಡನೆಯ ಪ್ಲೇಟಿನ ಹೊತ್ತಿಗೆ ಅವಳನ್ನೇ ‘ಕೂದಲೆಳೆ’ ಎಂದು ಕರೆಯತೊಡಗಿದ್ದ.

ಹೀಗೆ ಒಂದು ವಾರದ ಕೆಲಸ ತಿಂಗಳಿಗೆ ಹೋಯಿತು. ತಾನು ಅಷ್ಟೊಂದು ಅಳೆಯುವುದಕ್ಕೆ ಚೈನು ಒಂದೇ ಕಾರಣವಲ್ಲ ಎಂದು ಮಗಳಿಗೆ ಗೊತ್ತಿತ್ತು. ಎಂಜಿನ್ ಕೂರದಿದ್ದರೆ ಅಪ್ಪ ಕೂರುವುದಿಲ್ಲ, ಅಪ್ಪ ಕೂರದಿದ್ದರೆ ಬೀಳುವುದಿಲ್ಲ. ಪ್ರಯೋಗಾಲಯದಲ್ಲಿ ನಿಂತಿದ್ದಾಗಲೂ ಅವಳಿಗೆ ಕಾಣುತ್ತಿದ್ದುದು ಒಂದೇ ಚಿತ್ರ: ರಸ್ತೆಯ ಮೇಲೆ ಅಡ್ಡ ಬಿದ್ದ ಕುಳ್ಳಿ, ಅದರಡಿಯಲ್ಲಿ ಒಂದು ಕಾಲು. ಆಗ ಅವಳು ಎದ್ದು ಹೋಗಿ, ತೊಳೆದಿಟ್ಟ ಮಸೂರಗಳನ್ನು ಮತ್ತೆ ತೊಳೆಯುತ್ತಿದ್ದಳು.

ಶನಿವಾರ ಮಧ್ಯಾಹ್ನ ಹಿಂದಿನ ಕೋಣೆಯಲ್ಲೇ ಎಂಜಿನ್ನಿನ ಪರೀಕ್ಷೆ ನಡೆದಿತ್ತು. ಆ ಕೋಣೆಗೆ ಕಿಟಕಿಯಿಲ್ಲ. ಹಳೆಯ ಚೋಕಿನ ಟ್ಯೂಬ್‌ಲೈಟು ಒಂದೇ ಬೆಳಕು. ಒಂದು ಗೋಡೆಗೆ ಸಲೂನಿನ ದೊಡ್ಡ ಕನ್ನಡಿ ಒರಗಿತ್ತು. ಕುಳ್ಳಿಯ ಹಿಂದಿನ ಚಕ್ರ ನೆಲ ಬಿಡುವಂತೆ ಚೌಕಟ್ಟಿನಡಿ ಮರದ ದಿಮ್ಮಿ ಕೊಟ್ಟು, ತೂತುರಾಯ ಹಗ್ಗ ಎಳೆದ. ಎಂಜಿನ್ ಕೆಮ್ಮಿತು, ಸೀನಿತು, ಹತ್ತಿಕೊಂಡಿತು. ಮಗಳು ಎಕ್ಸಲರೇಟರ್ ತಿರುವಿದಳು. ಕ್ಲಚ್ಚು ಹಿಡಿದು ಚಕ್ರ ಒಮ್ಮೆಲೇ ಗಿರ್ರೆಂದಿತು. ಅಪ್ಪ ಅದನ್ನು ನೇರ ನೋಡದೆ ಕನ್ನಡಿಯಲ್ಲಿ ನೋಡುತ್ತಿದ್ದರು. ಅದು ಅವರ ಅಭ್ಯಾಸ.

“ಏನೋ ಹಿಂದಕ್ಕೆ ತಿರುಗಿದ ಹಾಗೆ ಕಾಣ್ತದಲ್ಲ,” ತೂತುರಾಯ ಗದ್ದಲದ ನಡುವೆ ಕೂಗಿದ.

“ನನಗೂ ಹಾಗೇ ಕಾಣ್ತಿದೆ,” ಅಪ್ಪ ಕೂಗಿದರು. “ಕನ್ನಡೀಲಿ ಎಲ್ಲ ಉಲ್ಟಾ ಕಣಯ್ಯ. ನಲವತ್ತು ವರ್ಷ ಎಡಗಿವಿ ಯಾವುದು ಬಲಗಿವಿ ಯಾವುದು ಅಂತ ಲೆಕ್ಕ ಇಟ್ಟವನು ನಾನು.”

“ಕನ್ನಡಿ ಅಲ್ಲಪ್ಪ, ಟ್ಯೂಬ್‌ಲೈಟು,” ಎಂದಳು ಮಗಳು. ಅವಳಿಗೂ ಹಾಗೆಯೇ ಕಂಡಿತ್ತು, ಅಷ್ಟೇ ಬೇಗ ಕಾರಣವೂ ಹೊಳೆದಿತ್ತು. “ಇದು ಸೆಕೆಂಡಿಗೆ ನೂರು ಸಲ ಹತ್ತಿ ಆರುತ್ತೆ. ಚಕ್ರದ ತಗಡಿನಲ್ಲಿ ಹತ್ತು ತೂತಿದೆ. ಸೆಕೆಂಡಿಗೆ ಹತ್ತು ಸುತ್ತಿಗಿಂತ ಒಂಚೂರು ಕಡಿಮೆ ತಿರುಗಿದ್ರೆ, ಪ್ರತಿ ಸಲ ಬೆಳಕು ಬಂದಾಗ ತೂತು ತನ್ನ ಜಾಗಕ್ಕೆ ಸ್ವಲ್ಪ ಹಿಂದೇನೇ ಇರುತ್ತೆ. ಅದಕ್ಕೇ ಹಿಂದಕ್ಕೆ ಹೋದ ಹಾಗೆ ಕಾಣೋದು. ಬರೀ ಭ್ರಮೆ.”

“ಹಾಗಿದ್ರೆ ಸರಿ,” ಎಂದ ತೂತುರಾಯ. “ನನ್ನ ಕನ್ನಡಕದ ನಂಬರೂ ಬದಲಾಗ್ಬೇಕು ಅಂತ ಇತ್ತು.”

ಅಪ್ಪ ಬ್ರೇಕು ಒತ್ತಿದರು. ಕುಳ್ಳಿಯ ಬ್ರೇಕು ಎಂದರೆ ಟೈರಿನ ನೆತ್ತಿಗೆ ಒತ್ತುವ ಒಂದು ಕಬ್ಬಿಣದ ಪಟ್ಟಿ, ಅಷ್ಟೆ. ಚಕ್ರ ಗಕ್ಕನೆ ನಿಂತಿತು. ಮೂವರಿಗೂ ತೃಪ್ತಿಯಾಯಿತು. ಲೆಕ್ಕ ತಪ್ಪಿರಲಿಲ್ಲ, ಆ ಬೆಳಕಿನಲ್ಲಿ ಹಾಗೆ ಕಾಣುವುದೂ ನಿಜ. ಆದ್ದರಿಂದಲೇ ಇನ್ನೊಂದು ಸಾಧ್ಯತೆಯಿದೆ ಎಂದು ಅವಳಿಗೆ ಹೊಳೆಯಲಿಲ್ಲ.

ಭಾನುವಾರ ಒಂಬತ್ತೂವರೆಯ ಹೊತ್ತಿಗೆ ಅಪ್ಪನ ಕೈಯಲ್ಲಿ ಕಟಿಂಗು ನಿಂತಿತು. ಅವರು ಎರಡೂ ಅಂಗೈ ಚಾಚಿ, ಬೇರೆ ಯಾರದೋ ಕೈ ನೋಡುವವರಂತೆ ನೋಡಿದರು. “ಬಂತು. ಹೊರಡೋಣ.”

ಸಲೂನಿನ ಬಾಗಿಲಲ್ಲಿ ಮೂರು ಮೆಟ್ಟಿಲು. ಕುಳ್ಳಿಯನ್ನು ಕೆಳಗೆ ಇಳಿಸಿ, ಹಿಂದಿನ ಚಕ್ರ ಮೆಟ್ಟಿಲ ಕಡೆಗೆ, ಮುಂದಿನ ಚಕ್ರ ಬೀದಿಯ ಕಡೆಗೆ ಬರುವಂತೆ ನಿಲ್ಲಿಸಿದರು. ಡಾಕ್ಟರು ಮೊದಲೇ ಒಂದು ಎಚ್ಚರಿಕೆ ಹೇಳಿದ್ದರು: ಈ ಕಾಯಿಲೆಯವರಿಗೆ ಮುಂದೆ ಹೋಗುವುದಕ್ಕಿಂತ ತಿರುಗಿಕೊಳ್ಳುವುದು ಕಷ್ಟ, ಪಾದ ನೆಲಕ್ಕೆ ಅಂಟಿದಂತಾಗುತ್ತದೆ. ಆದ್ದರಿಂದ ತೂತುರಾಯ ಮೂಲೆಯಲ್ಲಿ ನಿಂತು ಬೈಕನ್ನು ಎತ್ತಿ ತಿರುಗಿಸಿ ಕೊಡುವುದೆಂದು ಮಾತಾಗಿತ್ತು. ಅವನು ಮೂಲೆಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು ನಿಂತ. ಇಸ್ತ್ರಿ ಅಂಗಡಿಯವಳು ಪೆಟ್ಟಿಗೆಯನ್ನು ಬದಿಗಿಟ್ಟು ಬಾಗಿಲಿಗೆ ಬಂದಳು. ಆಚೀಚೆ ಮನೆಯವರು ತಾವೇನೂ ನೋಡುತ್ತಿಲ್ಲ ಎಂಬಂತೆ ಜಗಲಿಗೆ ಬಂದರು.

ಅಪ್ಪ ಕೂತರು. ಮೊಣಕಾಲು ಕಿವಿಯ ಹತ್ತಿರಕ್ಕೆ ಬಂತು. ಮಗಳು ಹಗ್ಗ ಎಳೆದಳು. ಎಂಜಿನ್ ಹತ್ತಿಕೊಂಡಿತು.

“ಮೆಲ್ಲಗೆ, ಅಪ್ಪ. ಮೆಲ್ಲಗೆ ತಿರುವಿ.”

“ನೀನು ಹುಟ್ಟೋಕೆ ಮುಂಚಿಂದ ತಿರುವ್ತಿದ್ದೀನಿ,” ಎಂದು ಅಪ್ಪ ಮೆಲ್ಲಗೆ ತಿರುವಿದರು.

ಕುಳ್ಳಿ ಹಿಂದಕ್ಕೆ ಹೋಯಿತು. ಅನುಮಾನಕ್ಕೆ ಎಡೆಯಿಲ್ಲದಂತೆ, ಬಿಸಿಲಿನಲ್ಲಿ, ಎಲ್ಲರ ಕಣ್ಣೆದುರು, ಸರ್ರನೆ ಹಿಂದಕ್ಕೆ ಹೋಗಿ ಕೆಳಗಿನ ಮೆಟ್ಟಿಲಿಗೆ ಢಿಕ್ಕಿ ಹೊಡೆದು, ಎಂಜಿನ್ ಆರಿ ನಿಂತಿತು. ಸೀಟು ತಗ್ಗಾಗಿದ್ದರಿಂದ ಅಪ್ಪನ ಎರಡೂ ಕಾಲು ನೆಲದಲ್ಲೇ ಇದ್ದವು. ಅವರು ಬೀಳಲಿಲ್ಲ. ಹ್ಯಾಂಡಲ್ ಹಿಡಿದು ನೇರ ಮುಂದೆ ನೋಡುತ್ತ, ಹೊರಟವರಂತೆಯೇ ಕೂತಿದ್ದರು.



“ಅಣ್ಣಂಗೆ ಅಂಗಡಿ ಬಿಟ್ಟು ಹೋಗೋಕೆ ಇನ್ನೂ ಮನಸ್ಸಿಲ್ಲ,” ಎಂದಳು ಇಸ್ತ್ರಿ ಅಂಗಡಿಯವಳು.

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಮಗಳೊಬ್ಬಳು ನಗಲಿಲ್ಲ. ಓಡಿಬಂದವಳೇ ಮಂಡಿಯೂರಿ ಅಪ್ಪನ ಕಾಲು ಮುಟ್ಟಿ ನೋಡಿದಳು. ಆಮೇಲೆ ಚೈನು ಮುಟ್ಟಿ ನೋಡಿದಳು. ಎಳೆಯುವಾಗ ಮೇಲಿನ ಎಳೆ ಬಿಗಿಯಾಗಿ, ಕೆಳಗಿನದು ಸಡಿಲವಾಗಿರಬೇಕು. ಇಲ್ಲಿ ಮೇಲಿನದೇ ಜೋತುಬಿದ್ದಿತ್ತು. ನಿನ್ನೆಯೂ ಜೋತುಬಿದ್ದಿತ್ತು. ಅದನ್ನೂ ಕಂಡಿದ್ದಳು, ಕಂಡು ಚೈನು ಹೊಸದು ಎಂದುಕೊಂಡಿದ್ದಳು.

ತೂತುರಾಯ ಮೂಲೆಯಿಂದ ಓಡಿಬಂದ. “ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗಾಯ್ತಲ್ಲ. ಏನಾಯ್ತು?”

“ಹಳೇ ಎಂಜಿನ್ ಬಲಸುತ್ತು, ಮಾವ, ಗಡಿಯಾರದ ಮುಳ್ಳಿನ ಹಾಗೆ. ಇದು ಎಡಸುತ್ತು,” ಎಂದಳು. “ಪಂಪಿನ ಎಂಜಿನ್ನೆಲ್ಲ ದಂಡದ ಎದುರು ನಿಂತು ನೋಡಿದ್ರೆ ಎಡಕ್ಕೇ ತಿರುಗೋದು. ನಾವು ದಂಡಾನ ಬಲಗಡೆಗೆ ಹಾಕಿದ್ವಿ, ಹಳೇದಿತ್ತು ಅಂತ. ಬಲಗಡೆ ನಿಂತು ಎಡಕ್ಕೆ ತಿರುಗಿದ್ರೆ ಬೈಕು ಹಿಂದಕ್ಕೇ ಹೋಗ್ಬೇಕು.”

“ಅಂದ್ರೆ ನಿನ್ನೆ ಹಿಂದಕ್ಕೆ ಕಂಡಿದ್ದು...”

“ಹಿಂದಕ್ಕೇ ಹೋಗ್ತಿತ್ತು.”

ತೂತುರಾಯ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಅಪ್ಪ ಬೈಕಿನ ಮೇಲೆ ಕೂತಂತೆಯೇ, “ನಿನ್ನ ಟ್ಯೂಬ್‌ಲೈಟು, ನನ್ನ ಕನ್ನಡಿ. ಇಬ್ಬರೂ ಸೇರಿ ಕಣ್ಣಿಗೆ ಕಂಡಿದ್ದನ್ನೇ ಸುಳ್ಳು ಮಾಡಿದ್ವಲ್ಲೇ” ಎಂದರು. ಅವರಿಗೆ ಅದೇನೋ ಖುಷಿಯ ವಿಷಯದಂತಿತ್ತು. “ಈಗೇನು ಮಾಡೋದು ಹೇಳು.”

ಮಗಳ ಮನಸ್ಸು ಆಗಲೇ ಪಟ್ಟಿ ಹಾಕತೊಡಗಿತ್ತು. ಎಂಜಿನ್ನನ್ನು ಪೂರ್ತಿ ಹಿಂದುಮುಂದಾಗಿ ತಿರುಗಿಸಿ ದಂಡ ಎಡಗಡೆಗೆ ಬರುವಂತೆ ಮಾಡಬೇಕು. ಗಾಲಿಯ ಹಲ್ಲಿನ ಚಕ್ರವೂ ಎಡಕ್ಕೆ ಬರಲು ಹಿಂದಿನ ಚಕ್ರವನ್ನೂ ಮಗುಚಿ ಹಾಕಬೇಕು. ಎಂಜಿನ್ನಿನ ಪಾದಗಳು ಒಂದೇ ಸಮನಿಲ್ಲ, ಪ್ಲೇಟಿನ ತೂತುಗಳು ಹೊಂದುವುದಿಲ್ಲ, ಮೂರನೆಯ ಪ್ಲೇಟು ಬೇಕು. ಆಮೇಲೆ ಚೈನಿನ ಸಾಲು. ಪಟ್ಟಿ ಉದ್ದವಾದಷ್ಟೂ ಅವಳ ಎದೆಯ ಡವಡವ ಇಳಿಯುತ್ತ ಬಂತು. ಅದು ಅವಳ ಗಮನಕ್ಕೂ ಬಂತು.

“ಮುಂದಿನ ಭಾನುವಾರ,” ಎಂದಳು. “ಎಲ್ಲ ಸರಿಮಾಡಿ ಮುಂದಿನ ಭಾನುವಾರ ಹೊರಡೋಣ.”

ಅಪ್ಪನ ನಗು ನಿಂತಿತು. ಅವರು ತಮ್ಮ ಬಲಗೈಯನ್ನು ಹ್ಯಾಂಡಲಿನಿಂದ ತೆಗೆದು ತೊಡೆಯ ಮೇಲಿಟ್ಟರು. ಅದು ಅಲುಗಲಿಲ್ಲ. “ಇವತ್ತು ಇದು ನಾನು ಹೇಳಿದ ಕಡೆ ತಿರುಗ್ತಿದೆ. ಮುಂದಿನ ಭಾನುವಾರ ಯಾವ ಕಡೆ ತಿರುಗುತ್ತೋ, ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

“ಒಂದು ವಾರದಲ್ಲಿ ಏನೂ ಆಗಲ್ಲಪ್ಪ.”

“ಕಳೆದ ವಾರಾನೂ ಹಾಗೇ ಅಂದೆ. ಅದರ ಹಿಂದಿನ ವಾರಾನೂ ಹಾಗೇ ಅಂದೆ.”

ಅಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಒರೆಸುವ ಬಟ್ಟೆ ಹಾಗೆಯೇ ಇತ್ತು. “ನೀನು ಎಂಜಿನ್ನು ಅಳೀತಿಲ್ಲ,” ಎಂದು ಮಗಳಿಗೆ ಹೇಳಿದಳು. ದನಿ ಏರಿಸಲಿಲ್ಲ. “ಅವರನ್ನ ಎಷ್ಟು ದಿನ ಕೂರಿಸಬಹುದು ಅಂತ ಅಳೀತಿದ್ದೀಯ.”

“ಬಿದ್ರೆ ಯಾರಮ್ಮ...”

“ಬಿದ್ರೆ ಎತ್ತೋಣ. ಬಿದ್ದವರನ್ನ ಎತ್ತಬಹುದು. ಕೂತೇಬಿಟ್ಟವರನ್ನ ಎತ್ತೋದೇ ಕಷ್ಟ. ನಿನ್ನ ಅಜ್ಜೀನ ನೋಡ್ಕೊಂಡವಳು ನಾನು.”

ಮಗಳು ಗಡಿಯಾರ ನೋಡಿದಳು. ಒಂಬತ್ತು ಐವತ್ತು. ಒಳ್ಳೆಯ ಹೊತ್ತಿನಲ್ಲಿ ಇನ್ನೂ ಒಂದು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಕಾಲು. ಸರಿಯಾಗಿ ಮಾಡುವುದಕ್ಕೆ ಸಾಲದು. ಹೇಗೋ ಒಂದು ಮಾಡುವುದಕ್ಕೆ ಸಾಕು. ‘ಹೇಗೋ ಒಂದು’ ಎಂಬ ಮಾತನ್ನು ಅವಳು ತನ್ನ ವಿದ್ಯಾರ್ಥಿಗಳ ಬಾಯಿಂದ ಕೇಳಿದರೂ ಸಿಡುಕುವವಳು. ಅವಳು ತುಟಿ ಕಚ್ಚಿಕೊಂಡು ಬೈಕಿನ ಸುತ್ತ ಒಂದು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು.

“ಮಾವ, ಕೈ ಡ್ರಿಲ್ಲು ತನ್ನಿ,” ಎಂದಳು. “ಅಪ್ಪ, ಇಳೀರಿ. ಹದಿನಾಲ್ಕರ ಸ್ಪ್ಯಾನರು ನೀವು ಹಿಡೀರಿ.”

ಅಲ್ಲಿಂದ ಮುಂದೆ ಯಾರೂ ಸುಮ್ಮನೆ ನಿಲ್ಲಲಿಲ್ಲ. ಮೆಟ್ಟಿಲ ಮುಂದೆಯೇ, ಬಿಸಿಲಲ್ಲೇ ಕೆಲಸ ನಡೆಯಿತು. ಅಪ್ಪ ನಟ್ಟು ಬಿಚ್ಚಿದರು. ಗಟ್ಟಿಯಾಗಿ ಹಿಡಿದಷ್ಟೂ ಅವರ ಕೈ ನೆಟ್ಟಗಿರುತ್ತಿತ್ತು, ಬಿಟ್ಟಾಗಲೇ ಅದಕ್ಕೆ ಏನು ಮಾಡಬೇಕೆಂದು ತಿಳಿಯದಾಗುತ್ತಿದ್ದುದು. ಇಸ್ತ್ರಿ ಅಂಗಡಿಯವಳು ಬಂದು, ಕೇಳದೆಯೇ ಕುಳ್ಳಿಯ ಮೂತಿ ಹಿಡಿದುಕೊಂಡಳು. ಚಕ್ರ ಮಗುಚಿತು. ಎಂಜಿನ್ ತಿರುಗಿತು. ತಿರುಗಿದಾಗ ಅದರ ಪೆಟ್ರೋಲ್ ಟ್ಯಾಂಕು ಚೌಕಟ್ಟಿನ ಕೊಳವೆಗೆ ತಾಗಿತು. ತೂತುರಾಯ ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಮಡಚಿ ನಡುವೆ ತುರುಕಿದ. ಪ್ಲೇಟಿನ ನಾಲ್ಕು ತೂತುಗಳಲ್ಲಿ ಎರಡು ಮಾತ್ರ ಹೊಂದಿದವು. ಉಳಿದೆರಡನ್ನು ಅವನು ಎಂಜಿನ್ನಿನ ಪಾದದ ತೂತಿನೊಳಗಿಂದಲೇ, ಗುರುತು ಹಾಕದೆ, ಸೀದಾ ಕೊರೆದ.

“ಇಷ್ಟು ವರ್ಷದಲ್ಲಿ ಇಂಥ ಕೊಳಕು ತೂತು ಕೊರೆದಿರಲಿಲ್ಲ,” ಎಂದ. “ನೀನು ಆಕಡೆ ನೋಡು, ಕೂದಲೆಳೆ.”

ಅವಳು ಆ ಕಡೆ ನೋಡಲಿಲ್ಲ. ಚೈನು ಹಾಕಿದ ಮೇಲೆ ಅಪ್ಪ ಹುಬ್ಬು ತೀಡುವ ದಾರವನ್ನು ತರಿಸಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಹಿಂದಿನ ಹಲ್ಲಿನ ಚಕ್ರಕ್ಕೆ ಒತ್ತಿ ಹಿಡಿದು ಎಳೆದರು. ದಾರದ ಗೆರೆ ಒಂದು ಕಡೆ, ಚೈನಿನ ಗೆರೆ ಒಂದು ಕಡೆ. ಓರೆಯಾಗಿದೆ ಎನ್ನಲು ಯಾವ ಉಪಕರಣವೂ ಬೇಕಿರಲಿಲ್ಲ. ಮಗಳ ಕೈ ತಾನಾಗಿ ಅಂಗಿಯ ಜೇಬಿನಲ್ಲಿದ್ದ, ಕೂದಲೆಳೆಯನ್ನೂ ಅಳೆಯುವ ಕ್ಯಾಲಿಪರಿಗೆ ಹೋಯಿತು. ಅದನ್ನು ಅರ್ಧ ಹೊರಗೆಳೆದು, ಮತ್ತೆ ಒಳಗೆ ತಳ್ಳಿ, ಸ್ಪ್ಯಾನರು ತೆಗೆದುಕೊಂಡು ಕೊನೆಯ ಬೋಲ್ಟು ಬಿಗಿದಳು.

“ಓರೆ ಇದೆ,” ಎಂದಳು. “ಜೋರಾಗಿ ಹೋಗ್ಬೇಡಿ.”

“ನನ್ನ ಮೂಗೂ ಓರೆ ಇದೆ. ಉಸಿರು ಸರಿಯಾಗೇ ಓಡಾಡ್ತಿದೆ,” ಎಂದರು ಅಪ್ಪ, ಹಲ್ಲಿನ ನಡುವಿನ ದಾರ ತೆಗೆದು.

ಹತ್ತು ಐವತ್ತಕ್ಕೆ ಅವರು ಮತ್ತೆ ಕೂತರು. ತೂತುರಾಯ ಮತ್ತೆ ಮೂಲೆಗೆ ಓಡಿದ. ಮಗಳು ಹಗ್ಗ ಎಳೆದಳು. ಎಂಜಿನ್ ಹತ್ತಿಕೊಂಡಾಗ ಈ ಸಲ ಅವಳು ಏನೂ ಹೇಳಲಿಲ್ಲ. ಹಿಂದಿನ ಮೆಟ್ಟಿಲಿಗೂ ಬೈಕಿಗೂ ನಡುವೆ ತನ್ನ ಕಾಲನ್ನು ಅಡ್ಡವಿಟ್ಟು ನಿಂತಳು.

ಕುಳ್ಳಿ ಮುಂದಕ್ಕೆ ಹೋಯಿತು.

ಮೊದಲು ತೂರಾಡಿತು. ಅಪ್ಪ ಎರಡು ಸಲ ನೆಲಕ್ಕೆ ಕಾಲು ಕೊಟ್ಟರು. ಆಮೇಲೆ ಕಾಲು ಮೇಲೆ ಹೋದವು, ಬೆನ್ನು ನೆಟ್ಟಗಾಯಿತು, ಬೈಕು ರಸ್ತೆಯ ನಡುವಿಗೆ ಬಂತು. ಹಿಂದಿನಿಂದ ನೋಡಿದರೆ ಅಮ್ಮ ಹೇಳುತ್ತಿದ್ದುದು ನಿಜ, ಕಪ್ಪೆಯೇ. ಯಾರೋ ಚಪ್ಪಾಳೆ ತಟ್ಟಿದರು. ಮೂಲೆ ಹತ್ತಿರ ಬಂತು. ತೂತುರಾಯ ಎರಡೂ ಕೈ ಚಾಚಿ, ದನ ಅಡ್ಡಗಟ್ಟುವವನಂತೆ ನಿಂತ. ಅಪ್ಪ ನಿಧಾನ ಮಾಡಿದರು, ಅವನ ಪಕ್ಕದಲ್ಲೇ ಹೋದರು, ಏನೋ ಹೇಳಿದರು, ಎಡಕ್ಕೆ ಹೊರಳಿ ಕಣ್ಮರೆಯಾದರು.

ತೂತುರಾಯ ಚಾಚಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಇತ್ತ ತಿರುಗಿದ.

“ಎಲ್ಲಿಗೆ ಹೋದ್ರು?” ಮಗಳು ಕೂಗಿದಳು.

“ಗೊತ್ತಿಲ್ಲ. ‘ಆಮೇಲೆ ಬರ್ತೀನಿ’ ಅಂದ.”

ಅವಳು ಓಡಬೇಕೆಂದುಕೊಂಡಳು. ಯಾವ ಕಡೆ ಓಡುವುದು? ಎಡಕ್ಕೆ ಹೊರಳಿದರೆ ಹಿಂದಿನ ಬೀದಿ, ಅದರ ತುದಿಯಲ್ಲಿ ಮತ್ತೆ ಹೊರಳಿದರೆ ಈ ಬೀದಿಯ ಇನ್ನೊಂದು ಬಾಯಿ. ಸುತ್ತು ಹಾಕಿ ಬಂದರೆ ಬಲಗಡೆಯಿಂದ ಬರಬೇಕು. ಅವಳು ಬೀದಿಯ ನಡುವೆ ನಿಂತು ಕಿವಿಗೊಟ್ಟಳು. ಎಂಜಿನ್ನಿನ ಪಟಪಟ ಮನೆಗಳ ಹಿಂದೆ ಕೇಳುತ್ತಿತ್ತು. ಒಂದೇ ಲಯ, ಏರದೆ ಇಳಿಯದೆ. ಇಸ್ತ್ರಿ ಅಂಗಡಿಯ ಹಿಂದೆ. ಅದರಾಚೆಯ ಮನೆಯ ಹಿಂದೆ. ಅವಳು ಆ ಸದ್ದಿನ ಜೊತೆಗೇ ಈ ಬೀದಿಯಲ್ಲಿ ಹೆಜ್ಜೆ ಹಾಕಿದಳು. ಗೋಡೆಗಳಾಚೆ ಅಪ್ಪ, ಈಚೆ ಅವಳು. ಹನ್ನೊಂದಕ್ಕೆ ಐದು ನಿಮಿಷವಿತ್ತು. ಹೊತ್ತು ಮುಗಿದರೆ ಬಲಗೈ ಮೊದಲು ಹೋಗುತ್ತದೆ, ಎಕ್ಸಲರೇಟರಿನ ಕೈ.

ಒಂದು ಕಡೆ ಕಟಕಟ ಎಂದು ಏನೋ ಹಲ್ಲು ಕಡಿದಂತೆ ಕೇಳಿತು. ಎಂಜಿನ್ ಒಮ್ಮೆಲೇ ಹುಚ್ಚು ಹಿಡಿದಂತೆ ಕಿರುಚಿತು. ಸದ್ದು ನಿಂತಿತು.

ಅವಳು ಎರಡು ಮನೆಗಳ ನಡುವಿನ ಸಂದಿಯಲ್ಲಿ ನುಗ್ಗಿದಳು. ಒಂದು ಬಕೆಟ್ಟು ಉರುಳಿಸಿದಳು, ಒಣಗಹಾಕಿದ ಬಟ್ಟೆಯೊಂದು ಮುಖಕ್ಕೆ ಸುತ್ತಿಕೊಂಡಿತು. ಅದನ್ನು ಕಿತ್ತೆಸೆದು ಹಿಂದಿನ ಬೀದಿಗೆ ಬಿದ್ದಳು.

ಅಪ್ಪ ರಸ್ತೆಯ ಬದಿಯಲ್ಲಿ ನಿಂತಿದ್ದರು. ಕುಳ್ಳಿಯೂ ನಿಂತಿತ್ತು, ಅವರ ಸೊಂಟಕ್ಕೆ ಒರಗಿಕೊಂಡು. ಹಿಂದಕ್ಕೆ ರಸ್ತೆಯ ಮೇಲೆ ಚೈನು ಉದ್ದಕ್ಕೆ ಮಲಗಿತ್ತು. ಅಪ್ಪ ಎಡಗೈಯಲ್ಲಿ ಹ್ಯಾಂಡಲ್ ಹಿಡಿದಿದ್ದರು. ಬಲಗೈ ತನ್ನ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡಿತ್ತು.

“ಚೈನು ಬಿತ್ತು,” ಎಂದರು. “ನಾನು ಬೀಳಲಿಲ್ಲ.”

ಮಗಳು ಹತ್ತಿರ ಬಂದಳು. ಅವರ ಮೊಣಕಾಲು, ಮೊಣಕೈ, ಅಂಗೈ ಒಂದೊಂದನ್ನೇ ನೋಡಿದಳು. ಎಲ್ಲೂ ತರಚಿರಲಿಲ್ಲ. ಆಮೇಲೆ ಸಿಟ್ಟು ಬಂತು. “ಮೂಲೇಲಿ ಯಾಕೆ ತಿರುಗಲಿಲ್ಲ? ಮಾವ ಅಲ್ಲೇ ನಿಂತಿದ್ರಲ್ಲ.”

“ತಿರುಗೋದಕ್ಕಿಂತ ಹೋಗೋದೇ ಸುಲಭ ಅನ್ನಿಸ್ತು ಕಣೇ.” ಅಪ್ಪ ಬೀದಿಯ ಮುಂದಿನ ತುದಿಯ ಕಡೆ ನೋಡುತ್ತಿದ್ದರು. “ಚೈನು ಇದ್ದಿದ್ರೆ ಇನ್ನೂ ಹೋಗ್ತಿದ್ದೆ. ಈ ಕಡೆ ಮನೆಗಳೆಲ್ಲ ನನಗೆ ಗೊತ್ತು. ಆ ಹಸಿರು ಬಾಗಿಲಿದೆಯಲ್ಲ, ಅಲ್ಲಿ ಒಬ್ಬ ಮೇಷ್ಟ್ರಿಗೆ ಎಂಟು ವರ್ಷ ಗಡ್ಡ ಹೆರೆದಿದ್ದೀನಿ.”

“ಚೈನು ಬಿದ್ದಿದ್ದು ನನ್ನಿಂದ.”

“ಚೈನು ಹಾಕಿದ್ದೂ ನಿನ್ನಿಂದ. ಬಿಡು. ನೀನು ಸರಿಮಾಡ್ತಾ ಕೂತಿದ್ರೆ ನಾನು ಈಗ ಮೆಟ್ಟಿಲ ಮೇಲೆ ಕೂತಿರ್ತಿದ್ದೆ.” ಅವರು ಸುತ್ತ ನೋಡಿದರು. “ಎಷ್ಟು ದೂರ ಬಂದಿರ್ಬಹುದು? ನಾಳೆ ತೂತುರಾಯ ಕೇಳ್ತಾನೆ. ಕಡಿಮೆ ಹೇಳಿದ್ರೆ ಮರ್ಯಾದೆ ಹೋಗುತ್ತೆ, ಜಾಸ್ತಿ ಹೇಳಿದ್ರೆ ನಂಬಲ್ಲ.”

ಅವಳು ಚೈನು ಎತ್ತಿ ಸೀಟಿನ ಮೇಲಿಟ್ಟಳು. ಹಿಂದಿನ ಟೈರಿನ ಸುತ್ತಳತೆ ಅವಳಿಗೆ ಗೊತ್ತಿತ್ತು. ಗಾಳಿ ತುಂಬುವ ಮೂತಿಯನ್ನು ನೆಲದ ಕಡೆಗೆ ತಂದು ನಿಲ್ಲಿಸಿ, ಅಲ್ಲಿಂದ ಶುರುಮಾಡಿದಳು. ಅಪ್ಪ ಬಂದ ದಾರಿಯಲ್ಲೇ, ಮೂಲೆ ಹಾದು, ಇಬ್ಬರೂ ಕುಳ್ಳಿಯನ್ನು ತಳ್ಳಿಕೊಂಡು ಹೊರಟರು. ಎಡಗಡೆ ಅಪ್ಪ ಹ್ಯಾಂಡಲ್ ಹಿಡಿದಿದ್ದರು, ಬಲಗಡೆ ಮಗಳು ಬಗ್ಗಿ ಚಕ್ರ ನೋಡುತ್ತ, ತುಟಿಯಲ್ಲೇ ಸುತ್ತು ಎಣಿಸುತ್ತ ಬರುತ್ತಿದ್ದಳು. ಅಪ್ಪ ದಾರಿಯುದ್ದಕ್ಕೂ ಮಾತಾಡಿ ಅವಳ ಎಣಿಕೆ ಕೆಡಿಸಲು ನೋಡಿದರು. ಕೆಡಲಿಲ್ಲ. ಪಾದ ಕೆಲವು ಕಡೆ ಅಂಟಿಕೊಂಡಾಗ ಅವಳು ಚಕ್ರ ನಿಲ್ಲಿಸಿ ಕಾದಳು, ಅವರು ಹೊರಟಾಗ ಮತ್ತೆ ತಳ್ಳಿದಳು.

ಸಲೂನಿನ ಮುಂದೆ ಅಮ್ಮ, ತೂತುರಾಯ, ಇಸ್ತ್ರಿ ಅಂಗಡಿಯವಳು ನಿಂತಿದ್ದರು. ಮುಂದಿನ ಚಕ್ರ ಮೆಟ್ಟಿಲಿಗೆ ತಾಗಿತು.

“ಎಷ್ಟು?” ಎಂದರು ಅಪ್ಪ.

“ಮುನ್ನೂರ ಹದಿನಾರು ಮೀಟರ್.”